ಬೋರಿವಲಿಯಲ್ಲಿ ಕಳೆದುಹೋದ ಸಮಿತಿಯ ಕುರಿತು

ಇಂದ:
ರಾಜೇಸಾಬ ಹುಸೇನಸಾಬ ಬಾಗವಾನ,
ಅರ್ಜಿ ಬರೆಯುವವನು, ಬಾಂದ್ರಾ ಕೋರ್ಟಿನ ಎದುರು, ಬೇವಿನ ಮರದ ಕೆಳಗೆ
(ಮಳೆಗಾಲದಲ್ಲಿ ಪಕ್ಕದ ಪಾನಪಟ್ಟಿ ಅಂಗಡಿಯ ತಗಡಿನ ಕೆಳಗೆ).
ವಾಸ: ಸಾಂತಾಕ್ರೂಜ್ ಪೂರ್ವ, ಚಾಳಿನ ಎರಡನೇ ಮಾಳಿಗೆ.
ಸದಸ್ಯ, ಕಾರ್ಯಕಾರಿ ಸಮಿತಿ, ದೊಡ್ಡವರ ಕೈಗೆಲಸ ಮನೆ, ಮಲಾಡ್.

ಗೆ:
ಶ್ರೀ ಚಂದ್ರಾಮ ಬಿರಾದಾರ ಅವರು,
ಅಧ್ಯಕ್ಷರು, ಸದರಿ ಸಮಿತಿ, ಸದರಿ ಮನೆ, ಸದರಿ ಮಲಾಡ್.

ದಿನಾಂಕ: ೨೩ ಆಗಸ್ಟ್ ೧೯೭೪, ಶುಕ್ರವಾರ.

ವಿಷಯ: ನನ್ನ ತಮ್ಮ ಗೌಸನ ರೈಲ್ವೆ ಪಾಸನ್ನು ಸಮಿತಿಯ ಕಪಾಟಿನಿಂದ ಬಿಡುಗಡೆ ಮಾಡುವ ಕುರಿತು, ಹಾಗೂ ಕಳೆದ ರವಿವಾರದ ಸಭೆಯಲ್ಲಿ ನಾನು ಎತ್ತಿದ ಕೈಯನ್ನು ಕೆಳಗಿಳಿಸಿದಂತೆ ಭಾವಿಸುವ ಕುರಿತು.

ಉಲ್ಲೇಖ:
(೧) ಗೌಸನು ಒಬ್ಬನೇ ಲೋಕಲ್‌ನಲ್ಲಿ ಬರಲಿ, ಯಾರೂ ಹಿಂಬಾಲಿಸಕೂಡದು ಎಂಬ ೧೧ ಆಗಸ್ಟ್ ಸಭೆಯ ನಿರ್ಣಯ (ಠರಾವು).
(೨) ೧೨ ಆಗಸ್ಟ್ ಸೋಮವಾರ ಬೋರಿವಲಿ ಸ್ಟೇಶನ್ನಿನ ಬೆಂಚಿನ ಮೇಲೆ ನಡೆಯದೇ ಇದ್ದ ಸಭೆ.
(೩) ಸದರಿ ಪ್ರಯೋಗ ವಿಫಲವಾಯಿತು ಎಂಬ ೧೮ ಆಗಸ್ಟ್ ಠರಾವು.

ಮಾನ್ಯರೇ,

ನಾನು ಹೊಟ್ಟೆಪಾಡಿಗಾಗಿ ಬೇರೆಯವರ ಅರ್ಜಿ ಬರೆಯುವವನು ಎಂಬುದು ತಮಗೆ ತಿಳಿದೇ ಇದೆ. ನಳಕ್ಕೆ ನೀರಿಲ್ಲ ಎಂದು ಬರೆದಿದ್ದೇನೆ, ನಳವೇ ಇಲ್ಲ ಎಂದೂ ಬರೆದಿದ್ದೇನೆ. ರೇಶನ್ ಕಾರ್ಡಿನಲ್ಲಿ ಹೆಂಡತಿಯ ಹೆಸರಿನ ಮುಂದೆ ಗಂಡು ಎಂದು ಬಿದ್ದುದನ್ನು ತೆಗೆಸಿ ಕೊಟ್ಟಿದ್ದೇನೆ. ಆದರೆ ನನ್ನ ಸ್ವಂತಕ್ಕೆ ಬರೆಯುತ್ತಿರುವ ಅರ್ಜಿ ಇದೇ ಮೊದಲು. ಕಾರಣ, ನಡುನಡುವೆ "ಸದರಿ" ಜಾಸ್ತಿಯಾದರೆ ಕ್ಷಮೆ ಇರಲಿ. ಅಂಜಿಕೆಯಾದಾಗ ನನಗೆ ಸದರಿ ಬರುತ್ತದೆ.

೧. ನಮ್ಮ ಸಂಸ್ಥೆಯು ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ, ಆದರೆ ವಯಸ್ಸಿನ ಬೆಳವಣಿಗೆಯಲ್ಲಿ ಯಾರಿಗೂ ಹಿಂದೆ ಬೀಳದ ಗಂಡಸರು ಹೆಂಗಸರಿಗಾಗಿ ಇರುವ ಕೈಗೆಲಸದ ಮನೆ. ಇಲ್ಲಿಗೆ ಬರುವವರನ್ನು ಮಕ್ಕಳು ಎಂದು ಕರೆಯಕೂಡದು, ಗಲ್ಲ ಹಿಂಡಕೂಡದು, ಹಾಡು ಹೇಳಿ ಊಟ ಮಾಡಿಸಕೂಡದು ಎಂಬುದು ಮೊದಲನೇ ನಿಯಮ. ಹೆಸರಿನಲ್ಲೇ "ದೊಡ್ಡವರ" ಎಂದು ಇರಲಿ ಎಂದು ಹಟ ಹಿಡಿದವರು ತಾವೇ. ಬೋರ್ಡಿನ ಮೇಲೆ ಆ ಒಂದು ಶಬ್ದವನ್ನು ಮಾತ್ರ ಕೆಂಪು ಬಣ್ಣದಲ್ಲಿ ಬರೆಸಿದವರೂ ತಾವೇ. ಅಂದು ತಮ್ಮ ಮೇಲೆ ನನಗೆ ಬಹಳ ಗೌರವ ಬಂದಿತ್ತು. ಅದರಲ್ಲಿ ಬಹುಪಾಲು ಈಗಲೂ ಇದೆ.

೨. ಸದರಿ ದೊಡ್ಡವರಲ್ಲಿ ನನ್ನ ತಮ್ಮ ಗೌಸನೂ ಒಬ್ಬ. ವಯಸ್ಸು ಮೂವತ್ತನಾಲ್ಕು. ಮೀಸೆ ಇದೆ, ತಾನೇ ಕತ್ತರಿಸಿಕೊಳ್ಳುತ್ತಾನೆ, ಆದ್ದರಿಂದ ಎಡಕ್ಕೆ ಸ್ವಲ್ಪ ಕಡಿಮೆ. ಔಷಧಿ ಅಂಗಡಿಗಳಿಗೆ ಬೇಕಾದ ಕಾಗದದ ಲಕೋಟೆ ಅಂಟಿಸುತ್ತಾನೆ. ಅಂಟಿನ ಕುಂಚಕ್ಕಾಗಿ, ಪಕ್ಕದಲ್ಲಿ ಕೂತು ಲಕೋಟೆ ಅಂಟಿಸುವ ಮಂಗಳೂರು ಕಡೆಯ ದೂಜನೊಡನೆ ದಿನಾ ಜಗಳ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಸಿಕ್ಕಿಬಿದ್ದರೆ ನಗುತ್ತಾನೆ. ಸಿಟ್ಟು ಬಂದರೆ ಮಾತು ನಿಲ್ಲಿಸಿಬಿಡುತ್ತಾನೆ. ಒಟ್ಟಿನಲ್ಲಿ ನಮ್ಮ ಮನೆತನದ ಗಂಡಸರಿಗಿಂತ ಯಾವ ವಿಷಯದಲ್ಲೂ ಬೇರೆಯವನಲ್ಲ.

೩. ನಮ್ಮ ತಾಯಿ ಹಜರತಬಿಯವರು ತೀರಿಕೊಳ್ಳುವ ಮುಂಚೆ ನನ್ನೊಬ್ಬನನ್ನೇ ಹತ್ತಿರ ಕರೆದು, "ಗೌಸ್ ಕು ಅಕೇಲಾ ನಕೋ ಛೋಡ್ ಬೇಟಾ" ಎಂದಿದ್ದರು. ಗೌಸನನ್ನು ಒಬ್ಬನೇ ಬಿಡಬೇಡ ಎಂದು. ನಾನು ಬಿಡಲಿಲ್ಲ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅವನ ಕೈ ಹಿಡಿದು ಸಾಂತಾಕ್ರೂಜ್‌ನಲ್ಲಿ ಗಾಡಿ ಹತ್ತಿಸಿ, ಮಲಾಡ್‌ನಲ್ಲಿ ಇಳಿಸಿ, ಕೈಗೆಲಸದ ಮನೆಯ ಬೀಗ ನಾನೇ ತೆರೆದು, ಅವನನ್ನು ಒಳಗೆ ಕೂರಿಸಿ, ಮತ್ತೆ ಗಾಡಿ ಹಿಡಿದು ಬಾಂದ್ರಾಕ್ಕೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಕೈಯನ್ನು ಎಲ್ಲಿಯೂ ಬಿಟ್ಟದ್ದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವಾಗಲೂ ನಾನು ಎಡಗೈಯಿಂದ, ಅವನು ಬಲಗೈಯಿಂದ. ಮೀಸೆ ಇರುವ ಇಬ್ಬರು ಕೈ ಹಿಡಿದು ನಡೆಯುವುದನ್ನು ಕಂಡು ಜನ ನಗುತ್ತಿದ್ದರು. ನಗಲಿ ಎಂದು ನಾನು ಬಿಟ್ಟಿದ್ದೆ. ಗೌಸನು ಹಾಗೆ ಬಿಟ್ಟಿರಲಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದನು ಎಂಬುದು ನನಗೆ ಆಮೇಲೆ ತಿಳಿಯಿತು.

೪. ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ ಆಯಿತು. ಆ ದಿನಗಳಲ್ಲಿ ಗೌಸನು ಮನೆಯಲ್ಲಿ ಕೂತು ಕೆಳಗಿನ ರಸ್ತೆಯಲ್ಲಿ ಹೋಗುವ ಮೋರ್ಚಾಗಳನ್ನೆಲ್ಲ ಮನಸ್ಸಿಟ್ಟು ನೋಡಿದನು. ಗಾಡಿಗಳು ಮತ್ತೆ ಓಡತೊಡಗಿದ ಮೇಲೆ ಒಂದು ಬೆಳಿಗ್ಗೆ ಸ್ಟೇಶನ್ನಿನ ಮೆಟ್ಟಿಲಲ್ಲಿ ನಿಂತುಬಿಟ್ಟನು.

"ಭಾಯಿ, ಕೈ ಬ್ಯಾಡ. ನನಗ ಪಾಸ್ ಬೇಕು. ನಾ ಒಬ್ಬನ ಹೋಗ್ತೀನಿ."

"ಒಬ್ಬನ ಯಾಕೋ?"

"ದೊಡ್ಡವರು ಒಬ್ಬೊಬ್ಬರ ಹೋಗ್ತಾರ. ನಮ್ಮ ಬೋರ್ಡ್ ಮ್ಯಾಲ ಬರದಾರಂತ. ಸೇವಂತಿ ಓದಿ ಹೇಳ್ಯಾಳ."

ಸದರಿ ಸೇವಂತಿ ತಮ್ಮ ಮಗಳೇ ಆಗಿದ್ದು, ನಮ್ಮ ಕೈಗೆಲಸದ ಮನೆಯ ದೊಡ್ಡವರಲ್ಲಿ ಒಬ್ಬಳು, ಲಕೋಟೆ ಎಣಿಸುವವಳು. ಆದ್ದರಿಂದ ಈ ಪ್ರಕರಣದ ಮೂಲವು ಅಧ್ಯಕ್ಷರ ಮನೆಯಲ್ಲೇ ಇದೆ ಎಂದು ಹೇಳುವ ಉದ್ದೇಶ ನನಗಿಲ್ಲ.

೫. ೧೧ನೇ ತಾರೀಖಿನ ಸಭೆಯಲ್ಲಿ ತಾವು, ಕಾರ್ಯದರ್ಶಿ ಶೀಲಾವತಿಬಾಯಿ ಮತ್ತು ನಾನು ಮಧ್ಯಾಹ್ನವೆಲ್ಲ ಚರ್ಚಿಸಿದೆವು. ಗಾಡಿ ನಡುವೆ ನಿಂತರೆ ಹೇಗೆ, ಮಳೆ ಬಂದರೆ ಹೇಗೆ, ಟಿಫಿನ್ ಡಬ್ಬಿ ಯಾವ ಕೈಯಲ್ಲಿ ಇರಬೇಕು, ಒಂದೂ ಬಿಡಲಿಲ್ಲ. ಶೀಲಾವತಿಬಾಯಿ ಮುನ್ಸಿಪಾಲಿಟಿ ಶಾಲೆಯ ಮಾಸ್ತರಬಾಯಿ ಆದ್ದರಿಂದ ಅವನ ಕೊರಳಿಗೊಂದು ಸೀಟಿ ಕಟ್ಟೋಣ ಎಂದರು. ಗಾರ್ಡಿನ ಸೀಟಿ ಎಂದು ತಿಳಿದು ಗಾಡಿಯೇ ಹೊರಟುಬಿಟ್ಟೀತು ಎಂದು ತಾವು ಅದನ್ನು ತಳ್ಳಿಹಾಕಿದಿರಿ. ಕೊನೆಗೆ ಇಷ್ಟು ದಿನ ನನ್ನ ಬಳಿ ಇದ್ದ ಅವನ ಪಾಸನ್ನು ಅವನ ಕೈಗೇ ಕೊಡುವುದು, ಅವನ ಜೇಬಿನಲ್ಲಿ ಒಂದು ಚೀಟಿ ಇಡುವುದು ಎಂದು ಠರಾಯಿತು. ಚೀಟಿಯ ಒಕ್ಕಣೆ ನನ್ನದೇ: "ಈ ಗೃಹಸ್ಥರು ದಾರಿ ತಪ್ಪಿದ್ದಾರೆ. ದಯವಿಟ್ಟು ಇವರನ್ನು ದೊಡ್ಡವರ ಕೈಗೆಲಸ ಮನೆ, ಮಲಾಡ್, ಇಲ್ಲಿಗೆ ತಲುಪಿಸಿರಿ." ಮರಾಠಿಯಲ್ಲಿ, ಹಿಂದಿಯಲ್ಲಿ ಮತ್ತು ಕನ್ನಡದಲ್ಲಿ ಬರೆದೆ. ಮೂರೂ ಚೆನ್ನಾಗಿ ಬಂದಿವೆ.

ಯಾರೂ ಹಿಂಬಾಲಿಸಕೂಡದು ಎಂಬ ಮಾತು ಎದ್ದಾಗ ಮೂವರೂ ಪರಸ್ಪರ ಮುಖ ನೋಡಿಕೊಂಡು ಪ್ರಮಾಣ ಮಾಡಿದೆವು. ಇಷ್ಟೆಲ್ಲ ಚರ್ಚಿಸಿದ ಸಮಿತಿಯು ಒಂದನ್ನು ಮಾತ್ರ ಮರೆಯಿತು. ಕೈಗೆಲಸದ ಮನೆಯ ಬೀಗದ ಕೀಲಿಕೈ ನನ್ನ ಜೇಬಿನಲ್ಲಿತ್ತು. ಗೌಸನು ಮೊದಲು ಹೋದರೆ ಬಾಗಿಲು ತೆರೆಯುವವರಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಕಲ್ಪನೆಯಲ್ಲಿ ಅವನು ಮಲಾಡ್ ತಲುಪಿಯೇ ಇರಲಿಲ್ಲ, ಅದಕ್ಕೇ ಇರಬೇಕು.

೬. ಸೋಮವಾರ ಬೆಳಿಗ್ಗೆ ಗೌಸನು ಟಿಫಿನ್ ಡಬ್ಬಿ ಹಿಡಿದು ಒಬ್ಬನೇ ಹೊರಟನು. ನಾನು ಪ್ರಮಾಣದಂತೆ ಮನೆಯಲ್ಲೇ ನಿಂತೆ. ಆದರೆ ಕಾಲುಗಳು ಪ್ರಮಾಣ ಮಾಡಿರಲಿಲ್ಲ. ಕಾರಣ, ಅವನು ಹತ್ತಿದ ಗಾಡಿಯ ಡಬ್ಬಿಗೇ ಇನ್ನೊಂದು ಬಾಗಿಲಿನಿಂದ ನಾನೂ ಹತ್ತಿ, ಮುಖ ಮರೆಸಲು ಅವಸರದಲ್ಲಿ ಕೊಂಡ ಪತ್ರಿಕೆಯನ್ನು ಬಿಡಿಸಿ ಹಿಡಿದೆ. ಅದು ಗುಜರಾತಿ ಪತ್ರಿಕೆಯಾಗಿತ್ತು. ಪಾರ್ಲೆ ಬರುವ ಹೊತ್ತಿಗೆ ಪಕ್ಕದ ಗೃಹಸ್ಥರೊಬ್ಬರು ಅದನ್ನು ನನ್ನ ಕೈಯಿಂದ ತೆಗೆದು, ತಲೆಕೆಳಗಾಗಿದ್ದುದನ್ನು ನೆಟ್ಟಗೆ ಮಾಡಿ, ಮತ್ತೆ ನನ್ನ ಕೈಗೆ ಕೊಟ್ಟರು.

ಅದೇ ಡಬ್ಬಿಯ ಮೂಲೆಯಲ್ಲಿ, ಒಳಗೆ ಹನಿ ಮಳೆ ಇಲ್ಲದಿದ್ದರೂ ಕೊಡೆಯನ್ನು ಅರ್ಧ ಬಿಚ್ಚಿ ಮುಖಕ್ಕೆ ಹಿಡಿದ ಒಬ್ಬರು ನಿಂತಿದ್ದರು. ಅವರು ತಮ್ಮನ್ನು ಬಹಳವಾಗಿ ಹೋಲುತ್ತಿದ್ದರು. ತಾವಾಗಿರಲು ಸಾಧ್ಯವಿಲ್ಲ, ಏಕೆಂದರೆ ತಾವು ಇರುವುದು ಮಲಾಡ್‌ನಲ್ಲಿ. ಮಲಾಡ್‌ನಿಂದ ಸಾಂತಾಕ್ರೂಜ್‌ಗೆ ಬಂದು ಮತ್ತೆ ಮಲಾಡ್‌ಗೆ ಹೋಗುವ ಗಾಡಿಯನ್ನು ಪ್ರಮಾಣ ಮಾಡಿದ ಅಧ್ಯಕ್ಷರು ಯಾಕೆ ಹತ್ತಿಯಾರು. ಆದ್ದರಿಂದ ಈ ಅರ್ಜಿಯಲ್ಲಿ ಅವರನ್ನು "ತಮ್ಮನ್ನು ಹೋಲುವ ಗೃಹಸ್ಥರು" ಎಂದೇ ಬರೆಯುತ್ತೇನೆ.

೭. ಮಲಾಡ್ ಬಂತು. ಗೌಸನು ಟಿಫಿನ್ ಡಬ್ಬಿಯನ್ನು ಎದೆಗವಚಿಕೊಂಡು ಇಳಿದನು. ಇಳಿದವನು ತಿರುಗಿ ಒಳಕ್ಕೆ ಏನೋ ಕೂಗಿದನು. ಗದ್ದಲದಲ್ಲಿ ಕೇಳಿಸಲಿಲ್ಲ. ನೋಡಿಬಿಟ್ಟನೇನೋ ಎಂಬ ಅಂಜಿಕೆಯಿಂದ ನಾನು ಪತ್ರಿಕೆಯೊಳಗೆ ಮತ್ತಷ್ಟು ಇಳಿದೆ. ನಾನು ಇಳಿದರೆ ತಮ್ಮನ್ನು ಹೋಲುವ ಗೃಹಸ್ಥರು ನನ್ನನ್ನು ನೋಡುತ್ತಾರೆ, ಅವರು ಇಳಿದರೆ ನಾನು ಅವರನ್ನು ನೋಡುತ್ತೇನೆ. ಹೀಗಾಗಿ ಇಬ್ಬರೂ ಇಳಿಯಲಿಲ್ಲ. ಕಾಂದಿವಲಿಯಲ್ಲೂ ಇದೇ ಸ್ಥಿತಿ ಮುಂದುವರಿಯಿತು. ಬೋರಿವಲಿಯಲ್ಲಿ ಗಾಡಿಯೇ ಮುಗಿಯಿತು, ಡಬ್ಬಿ ಖಾಲಿಯಾಯಿತು, ಒಂದು ಕಡೆ ಪತ್ರಿಕೆ ಇನ್ನೊಂದು ಕಡೆ ಕೊಡೆ ಉಳಿದವು.

ಕೆಳಗಿಳಿದರೆ ಲೇಡೀಸ್ ಡಬ್ಬಿಯಿಂದ ಶೀಲಾವತಿಬಾಯಿಯವರನ್ನು ಹೋಲುವ ಮಹಿಳೆಯೊಬ್ಬರು ತಲೆ ತುಂಬ ಸೆರಗು ಹೊದ್ದು ಇಳಿಯುತ್ತಿದ್ದರು. ಗೌಸನು ಮಲಾಡ್‌ನಲ್ಲಿ ಅವರ ಡಬ್ಬಿಯ ಎದುರಿಗೇ ನಿಂತು ನಳದ ನೀರು ಕುಡಿದನಂತೆ. ಕಾರಣ ಅವರಿಗೂ ಇಳಿಯಲಾಗಲಿಲ್ಲ.

ಮೂವರೂ ಹೋಗಿ ಒಂದೇ ಬೆಂಚಿನ ಮೇಲೆ ಕೂತೆವು. ಆಮೇಲೆ ಸದರಿ ಮಹಿಳೆ ಹೇಳಿದರು: "ಹೆಂಗೂ ಕೋರಂ ಆಗೈತ್ರಿ. ಸಭಾ ಮಾಡೇ ಬಿಡೂಣು."

ಬೆಂಚಿನ ಮೇಲೆ ಸಭೆ ನಡೆಯಿತು. ಇಂದು ಬೋರಿವಲಿಯಲ್ಲಿ ಸಮಿತಿಯ ಯಾರೂ ಇರಲಿಲ್ಲ ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಸೂಚಿಸಿದವರು ತಮ್ಮನ್ನು ಹೋಲುವ ಗೃಹಸ್ಥರು, ಅನುಮೋದಿಸಿದವನು ನಾನು. ಅಷ್ಟರಲ್ಲಿ ಟಿ.ಸಿ. ಬಂದು ಟಿಕೇಟು ಕೇಳಿದರು. ಮೂವರ ಟಿಕೇಟೂ ಪಾಸೂ ಮಲಾಡ್‌ವರೆಗೆ ಮಾತ್ರ. ನಾವು ಒಂದು ಸಂಸ್ಥೆಯ ಕಾರ್ಯಕಾರಿ ಸಮಿತಿಯವರು ಎಂದು ಶೀಲಾವತಿಬಾಯಿಯವರನ್ನು ಹೋಲುವವರು ಹೇಳಿ ನೋಡಿದರು.

"ಕಮಿಟಿ ಹೈ ತೋ ಕ್ಯಾ," ಎಂದರು ಟಿ.ಸಿ. "ಕಮಿಟಿ ಕಾ ಭೀ ಟಿಕೇಟ್ ಲಗತಾ ಹೈ."

ಸಮಿತಿಗೂ ಟಿಕೇಟು ಬೇಕು ಎಂಬುದು ನ್ಯಾಯವಾದ ಮಾತು. ದಂಡ ಕಟ್ಟಿ ರಸೀತಿ ಪಡೆದೆವು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ರಸೀತಿ ಯಾರದೆಂದು ಈಗಲೂ ಇತ್ಯರ್ಥವಾಗಿಲ್ಲ.

೮. ನಾವು ಮಲಾಡ್‌ಗೆ ಮರಳಿದಾಗ ಗೌಸನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದನು. ಅವನ ಹಿಂದೆ ದೂಜ, ಪಕ್ಕದಲ್ಲಿ ಸೇವಂತಿ. ಅವನು ಹೊತ್ತಿಗೆ ಸರಿಯಾಗಿ ಕೈಗೆಲಸದ ಮನೆ ತಲುಪಿ, ಬೀಗ ನೋಡಿ, ಉಳಿದವರನ್ನು ದೂಜನ ಮಾವನ ಹೋಟೆಲಿನ ಕಟ್ಟೆಯ ಮೇಲೆ ಕೂರಿಸಿ, ನನ್ನನ್ನು ಹುಡುಕಲು ವಾಪಸು ಸ್ಟೇಶನ್ನಿಗೆ ಬಂದಿದ್ದನು. ನನ್ನನ್ನು ಕಂಡವನೇ ಬಂದು ಗಟ್ಟಿಯಾಗಿ ಕೈ ಹಿಡಿದನು.

"ಎಲ್ಲಿ ಹೋಗಿದ್ದಿ ಭಾಯಿ? ಮಲಾಡ್ ಬಂತು, ಇಳಿ, ಅಂತ ಕೂಗಿದೆ ನಾ. ನೀ ಪೇಪರ್ ಮತ್ತ ಉಲ್ಟಾ ಹಿಡಕೊಂಡು ಕುಂತಿದ್ದಿ."

"ಬೋರಿವಲಿಗೆ ಹೋಗಿದ್ದೆ," ಎಂದೆ.

"ಬೋರಿವಲಿಗೆ ಯಾಕ?"

ದೂಜನು ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿ, "ಪಾಪ, ದಾರಿ ತಪ್ಪಿದ್ದು ಮಾರಾಯ, ಬೈಬೇಡ" ಎಂದನು. ಸೇವಂತಿ ಮಾತ್ರ, ಶೀಲಾವತಿಬಾಯಿಯವರನ್ನು ಹೋಲುವವರ ಸೆರಗನ್ನೇ ಎಳೆದು ಮುಖ ಮರೆಸಿಕೊಂಡ ತಮ್ಮನ್ನು ಹೋಲುವ ಗೃಹಸ್ಥರನ್ನು ನೋಡಿ "ಅಪ್ಪಾ, ನೀ ಯಾಕ ಸೆರಗಿನ್ಯಾಗ ಮುಖಾ ಮುಚ್ಚಿಕೊಂಡಿ, ಅದು ಬಾಯಾರ ಸೆರಗು" ಎಂದಳು. ಅವಳು ಯಾರನ್ನೋ ತಂದೆ ಎಂದು ತಪ್ಪು ತಿಳಿದಿರಬೇಕು.

ಆಗ ಗೌಸನು ತನ್ನ ಜೇಬಿನಿಂದ ಸದರಿ ಚೀಟಿಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ನನ್ನ ಎಡಜೇಬಿಗೆ ಹಾಕಿ, ಮೇಲಿನಿಂದ ಎರಡು ಸಲ ತಟ್ಟಿದನು.

"ಇದನ್ನ ನೀ ಇಟ್ಕೊ. ನನಗ ದಾರಿ ಗೊತ್ತೈತಿ."

೯. ಇಷ್ಟಾದ ಮೇಲೆ ೧೮ನೇ ತಾರೀಖಿನ ಸಭೆಯಲ್ಲಿ ಏನಾಯಿತು? ಸೋಮವಾರ ಮನೆಯ ಬಾಗಿಲು ತಡವಾಗಿ ತೆರೆಯಿತು, ಕೆಲವರು ಕಾಣೆಯಾಗಿದ್ದರು, ಕಾರಣ ಪ್ರಯೋಗ ವಿಫಲ ಎಂದು ಬರೆಯಲಾಯಿತು. ಕಾಣೆಯಾದವರು ಯಾರೆಂದು ಬರೆಯಲಿಲ್ಲ. ಪಾಸನ್ನು ಜಪ್ತು ಮಾಡಿ ಕಪಾಟಿನಲ್ಲಿಡುವ ಠರಾವಿಗೆ ಮೂರು ಕೈ ಎದ್ದವು. ಮೂರನೆಯದು ನನ್ನದು. ಬೋರಿವಲಿಯ ನಾಚಿಕೆಗಿಂತ ಅದರ ನಾಚಿಕೆ ಹೆಚ್ಚು. ನನಗೆ ಆಗ ಒಳಗೊಳಗೆ ನಿರಾಳವೇ ಆಗಿತ್ತು, ಇನ್ನು ಅವನ ಕೈ ಹಿಡಿಯಬಹುದು ಎಂದು.

೧೦. ಮರುದಿನದಿಂದ ಗೌಸನು ಮುಷ್ಕರ ಹೂಡಿದ್ದಾನೆ. ಬೆಳಿಗ್ಗೆ ಮಿಂದು, ಅಂಗಿ ತೊಟ್ಟು, ಡಬ್ಬಿ ಹಿಡಿದು ಚಾಳಿನ ಮೆಟ್ಟಿಲ ಮೇಲೆ ಕೂರುತ್ತಾನೆ. ನಾನು ಕೈ ಚಾಚಿದರೆ ತನ್ನ ಕೈಗಳೆರಡನ್ನೂ ಬಗಲಲ್ಲಿ ಅಡಗಿಸಿಕೊಳ್ಳುತ್ತಾನೆ.

"ನಂದು ಹರತಾಳ ಐತಿ. ಪಾಸ್ ಕೊಡ್ರಿ."

ಚಾಳಿನವರೆಲ್ಲ ಅವನ ಕಡೆ. ಪಕ್ಕದ ಮನೆಯ ಸುಂದ್ರವ್ವನವರು, ಹರತಾಳಕ್ಕೆ ಕೂತವರು ಬರೀ ನೆಲದ ಮೇಲೆ ಕೂರಬಾರದು ಎಂದು ಗೋಣಿತಾಟು ತಂದು ಹಾಸಿದ್ದಾರೆ. ನನ್ನ ಹೆಂಡತಿ ಬೀಬೀಜಾನಳು ಅವನಿಗೆ ಮೆಟ್ಟಿಲಿಗೇ ಚಹಾ ಒಯ್ದು ಕೊಡುತ್ತಾಳೆ. ನನಗೆಲ್ಲಿ ಎಂದು ಕೇಳಿದರೆ, "ನೀವು ಮ್ಯಾನೇಜ್‌ಮೆಂಟ್ ಅಲ್ರೀ, ನಿಮಗ ನಿಮ್ಮ ಕಮಿಟಿಯವ್ರು ಕೊಡ್ತಾರ" ಎನ್ನುತ್ತಾಳೆ. ಎಷ್ಟೋ ಕಾರ್ಮಿಕರ ಪರವಾಗಿ ಮಾಲೀಕರಿಗೆ ಬೈದು ಅರ್ಜಿ ಬರೆದವನು ನಾನು. ನನ್ನ ಮನೆಯಲ್ಲೇ ನಾನು ಮಾಲೀಕನಾಗಿ ಬಿದ್ದಿದ್ದೇನೆ.

೧೧. ನಿನ್ನೆ ಬೆಳಿಗ್ಗೆ ನಾನು ಸೋತು ಅವನ ಪಕ್ಕ ಗೋಣಿತಾಟಿನ ಮೇಲೆ ಕೂತೆ.

"ನೋಡೋ ಗೌಸ," ಎಂದೆ, "ನನ್ನ ಹಟ ಅಲ್ಲ ಇದು. ಅಮ್ಮಾ ಹೋಗೂಮುಂದ ನನಗ ಹೇಳ್ಯಾಳ, ನಿನ್ನ ಒಬ್ಬನ್ನ ಬಿಡಬ್ಯಾಡ ಅಂತ."

ಗೌಸನು ನನ್ನ ಕಡೆ ತಿರುಗಿದನು.

"ನನಗೂ ಹೇಳ್ಯಾಳ."

"ಏನಂತ?"

"ಭಾಯಿ ಕು ಅಕೇಲಾ ನಕೋ ಛೋಡ್. ಉನೆ ಡರಪೋಕ್ ಹೈ. ಹಂಗ ಹೇಳ್ಯಾಳ. ಅದಕ್ಕ ನಾ ದಿನಾ ನಿನ್ನ ಕೈ ಹಿಡಕೊಂಡು ಹೊಂಟಿದ್ದೆ."

ನಿನ್ನ ಅಣ್ಣನನ್ನು ಒಬ್ಬನೇ ಬಿಡಬೇಡ, ಅವನು ಅಂಜುಬುರುಕ, ಎಂದು.

ಮಾನ್ಯರೇ, ಇಷ್ಟು ವರ್ಷ ನಾನು ಅವನನ್ನು ಕರೆದೊಯ್ಯುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ತಾನು ನನ್ನನ್ನು ಕರೆದೊಯ್ಯುತ್ತಿದ್ದೇನೆ ಎಂದು ಅವನು ತಿಳಿದಿದ್ದನು. ಜನ ನಕ್ಕರೂ ಅವನು ಸಹಿಸಿಕೊಂಡದ್ದು ನನ್ನ ಸಲುವಾಗಿ. ನಮ್ಮ ತಾಯಿ ಒಂದೇ ಕೆಲಸವನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಒಪ್ಪಿಸಿ ಹೋಗಿದ್ದಾಳೆ, ಮತ್ತು ಇಬ್ಬರಲ್ಲಿ ಅಂಜುಬುರುಕನು ಯಾರೆಂದು ಅವಳಿಗೆ ಸರಿಯಾಗಿ ತಿಳಿದಿತ್ತು. ಸದರಿ ಮೆಟ್ಟಿಲ ಮೇಲೆ, ಸದರಿ ಗೋಣಿತಾಟಿನ ಮೇಲೆ, ಅರ್ಜಿದಾರನು ಅತ್ತನು. ಸುಂದ್ರವ್ವನವರ ಒಲೆಯ ಹೊಗೆ ಎಂದು ಗೌಸನಿಗೆ ಹೇಳಿದೆ. ತಮಗೆ ಹಾಗೆ ಹೇಳಲಾರೆ.

"ಇನ್ನ ಕೈ ಬ್ಯಾಡ ಭಾಯಿ," ಎಂದನು ಗೌಸ. "ನೀ ಈಗ ದೊಡ್ಡಾವ ಆಗೀದಿ."

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳ ಕಾರಣ, ಬರುವ ರವಿವಾರದ ಸಭೆಯಲ್ಲಿ ಈ ಕೆಳಗಿನಂತೆ ಆಗಬೇಕೆಂದು ಬೇಡಿಕೊಳ್ಳುತ್ತೇನೆ:

ಅ) ೧೮ರ ಠರಾವಿನಲ್ಲಿ "ಪ್ರಯೋಗ ವಿಫಲವಾಯಿತು" ಎಂಬುದನ್ನು ಹೊಡೆದುಹಾಕಿ, "ಗೌಸನು ಮಲಾಡ್ ತಲುಪಿದನು, ಸಮಿತಿಯು ತಲುಪಲಿಲ್ಲ" ಎಂದು ಬರೆಯಬೇಕು. ನನ್ನ ಕೈ ಅಂದು ಎದ್ದೇ ಇರಲಿಲ್ಲ ಎಂದು ತಿಳಿಯಬೇಕು. ಬೋರಿವಲಿಯಲ್ಲಿ ಇಲ್ಲದೆ ಇರಲು ನಮಗೆ ಸಾಧ್ಯವಾಗಿರುವಾಗ ಇದು ಕಷ್ಟವಲ್ಲ.

ಆ) ಗೌಸನ ಪಾಸನ್ನು ಅಂದೇ ಅವನ ಕೈಗೆ ಕೊಡಬೇಕು. ಸೋಮವಾರದಿಂದ ಅವನು ಕೆಲಸಕ್ಕೆ ಬರುತ್ತಾನೆ.

ಇ) ಮನೆಯ ಕೀಲಿಕೈ ಇನ್ನು ಮೇಲೆ ಗೌಸನ ಬಳಿ ಇರಬೇಕು.

ಈ) ದೊಡ್ಡವರ ಕೈಗೆಲಸ ಮನೆಯ ಸಮಿತಿಯಲ್ಲಿ ಆ ದೊಡ್ಡವರ ಪೈಕಿ ಒಬ್ಬರೂ ಇಲ್ಲ. ಸೇವಂತಿಗೊಂದು ಕುರ್ಚಿ ಹಾಕಿಸಬೇಕು. ಬೋರ್ಡಿನ ಮೇಲೆ ಏನು ಬರೆದಿದೆ ಎಂದು ನಮಗೆ ಆಗಾಗ ಓದಿ ಹೇಳುವವರು ಬೇಕಾಗಿದ್ದಾರೆ.

ತಮ್ಮ ವಿಶ್ವಾಸಿ, ಹಾಗೂ ೧೨ನೇ ತಾರೀಖು ತಮ್ಮನ್ನು ಎಲ್ಲಿಯೂ ಕಾಣದ,
ರಾಜೇಸಾಬ ಹುಸೇನಸಾಬ ಬಾಗವಾನ

ಲಗತ್ತುಗಳು:
(೧) ವಾರಸುದಾರರಿಲ್ಲದ ದಂಡದ ರಸೀತಿ.
(೨) ಗುಜರಾತಿ ಪತ್ರಿಕೆ. ಓದಲು ಬರುವವರಿಗೆ ಕೊಡಬಹುದು.
(೩) ಕೀಲಿಕೈ. ಇದನ್ನು ಲಗತ್ತಿಸಿಲ್ಲ. ನಿನ್ನೆಯೇ ಗೌಸನು ತೆಗೆದುಕೊಂಡಿದ್ದಾನೆ. ಮೇಲಿನ (ಇ) ಕೇವಲ ರೂಢಿಗಾಗಿ.
(೪) ಚೀಟಿ. ಇದನ್ನೂ ಲಗತ್ತಿಸಿಲ್ಲ. ನನ್ನ ಎಡಜೇಬಿನಲ್ಲೇ ಇರಬೇಕೆಂದು ಗೌಸನ ಅಪ್ಪಣೆಯಾಗಿದೆ.

ವಿಶೇಷ ವಿನಂತಿ: ಸೋಮವಾರ ಬೆಳಿಗ್ಗೆ ಗೌಸನ ಗಾಡಿ ಹೋದ ಮೇಲೂ ನಾನು ಸಾಂತಾಕ್ರೂಜ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವುದು ಯಾರ ಕಣ್ಣಿಗಾದರೂ ಬಿದ್ದರೆ, ಸದರಿ ಚೀಟಿಯನ್ನು ತೆಗೆದು ಓದಿ, ಅದರಲ್ಲಿ ಬರೆದಂತೆ ನನ್ನನ್ನು ಮಲಾಡ್‌ಗೆ ತಲುಪಿಸಬೇಕು. ಅಷ್ಟು ಹೊತ್ತಿಗೆ ಗೌಸನು ಬಾಗಿಲು ತೆರೆದಿರುತ್ತಾನೆ.